ದೋಷ ಹುಟ್ಟಿದ ದಿನ

ವಾರಂಟಿ ಕಾರ್ಡಿನಲ್ಲಿ ಒಂದೇ ಒಂದು ತಾರೀಖಿಗೆ ಜಾಗ ಇರುತ್ತದೆ. ವಸ್ತು ಕೊಂಡ ದಿನದ್ದು. ಅಲ್ಲಿಂದ ಒಂದು ವರ್ಷವೋ ಎರಡು ವರ್ಷವೋ ಲೆಕ್ಕ ಶುರು. ಅವಧಿ ಮುಗಿಯುವುದರೊಳಗೆ ಕೆಟ್ಟರೆ ಕಂಪನಿಯ ಜವಾಬ್ದಾರಿ, ಮಾರನೇ ದಿನ ಕೆಟ್ಟರೆ ನಮ್ಮದು. ನಾವೆಲ್ಲ ಇದನ್ನು ಹೆಚ್ಚು ಯೋಚಿಸದೆ ಒಪ್ಪಿಕೊಂಡು ಬಂದಿದ್ದೇವೆ.

ತಯಾರಿಕೆಯಲ್ಲೇ ಆದ ದೋಷಕ್ಕೆ ಇನ್ನೊಂದು ತಾರೀಖು ಇದೆ. ಅದು ಹುಟ್ಟಿದ ದಿನ. ಬೆಸುಗೆ ಸರಿಯಾಗಿ ಕೂರದ ದಿನ, ಅಚ್ಚಿಗೆ ಸುರಿದ ಪ್ಲಾಸ್ಟಿಕ್‌ನೊಳಗೆ ಗುಳ್ಳೆ ಉಳಿದ ದಿನ, ಇಂಥ ಕಡೆ ಒತ್ತಬೇಕಾದ ಟೇಪು ಒತ್ತದೆ ಬಿಟ್ಟ ದಿನ. ಅವತ್ತು ನಾವು ಆ ವಸ್ತುವನ್ನು ಕಣ್ಣಿಂದಲೂ ನೋಡಿರುವುದಿಲ್ಲ. ಆ ತಾರೀಖನ್ನು ಯಾವ ಕಾರ್ಡಿನಲ್ಲೂ ಯಾರೂ ಬರೆಯುವುದಿಲ್ಲ. ಗ್ರಾಹಕರ ಹಕ್ಕಿನ ಬಗ್ಗೆ ನಡೆಯುವ ಜಗಳಗಳಲ್ಲಿ ಬಹುಪಾಲು, ಬಿಡಿಸಿ ನೋಡಿದರೆ, ಈ ಎರಡು ತಾರೀಖುಗಳ ನಡುವಿನ ಜಗಳ. ದೋಷ ಮೊದಲೇ ಇತ್ತೋ, ಆಮೇಲೆ ಬಂತೋ? ಅದನ್ನು ತೋರಿಸಿಕೊಡಬೇಕಾದವರು ಯಾರು? ನನಗೆ ಎರಡನೇ ಪ್ರಶ್ನೆಯೇ ದೊಡ್ಡದು ಅನ್ನಿಸುತ್ತದೆ.

ಕಾನೂನಿನಲ್ಲಿ ಸಾಮಾನ್ಯವಾಗಿ ಮೂರು ಬಗೆಯ ದೋಷ ಗುರುತಿಸುತ್ತಾರೆ. ವಿನ್ಯಾಸವೇ ತಪ್ಪಿರುವುದು ಒಂದು. ಆಗ ಆ ಮಾಡೆಲ್ಲಿನ ಎಲ್ಲ ವಸ್ತುಗಳಲ್ಲೂ ಅದೇ ತೊಂದರೆ. ಅಪಾಯದ ಬಗ್ಗೆ ಹೇಳಬೇಕಾದ ಎಚ್ಚರಿಕೆ ಹೇಳದೆ ಇರುವುದು ಇನ್ನೊಂದು. ಮೂರನೆಯದೇ ಮ್ಯಾನುಫ್ಯಾಕ್ಚರಿಂಗ್ ಡಿಫೆಕ್ಟ್. ನಕ್ಷೆ ಸರಿಯಾಗಿದೆ, ಆದರೆ ಈ ಒಂದು ವಸ್ತು, ಅಥವಾ ಈ ಒಂದು ಬ್ಯಾಚು, ನಕ್ಷೆಯಂತೆ ತಯಾರಾಗಿಲ್ಲ. ಪಕ್ಕದ ಮನೆಯವರ ಅದೇ ಮಾಡೆಲ್ ಹತ್ತು ವರ್ಷ ಓಡುತ್ತದೆ, ನಮ್ಮದು ಹತ್ತು ತಿಂಗಳಿಗೆ ನಿಲ್ಲುತ್ತದೆ. ಹಾಗಾಗಿಯೇ ನಮ್ಮ ಮಾತನ್ನು ನಂಬುವವರು ಕಡಿಮೆ. 'ಎಲ್ಲರದ್ದೂ ಚೆನ್ನಾಗಿದೆಯಲ್ಲ, ನೀವೇ ಏನೋ ಮಾಡಿರಬೇಕು' ಅನ್ನುವ ಉತ್ತರ ಸಿದ್ಧವಾಗಿರುತ್ತದೆ.

ವಸ್ತುಗಳು ಯಾವಾಗ ಕೆಡುತ್ತವೆ ಅನ್ನುವುದನ್ನು ಎಂಜಿನಿಯರುಗಳು ಒಂದು ಗೆರೆಯಲ್ಲಿ ಬರೆಯುತ್ತಾರೆ. ಅದಕ್ಕೆ ಬಾತ್‌ಟಬ್ ಕರ್ವ್ ಅಂತ ಹೆಸರು. ಶುರುವಿನಲ್ಲಿ ಗೆರೆ ಎತ್ತರದಲ್ಲಿರುತ್ತದೆ. ಹುಟ್ಟು ದೋಷ ಇರುವವು ಬೇಗ ಬೇಗ ಕೆಟ್ಟು ಹೊರಬೀಳುತ್ತವೆ. ಆಮೇಲೆ ಗೆರೆ ಇಳಿದು ಬಹಳ ಕಾಲ ಮಟ್ಟಸವಾಗಿ ಸಾಗುತ್ತದೆ. ಕೊನೆಗೆ ಸವೆತ ಶುರುವಾದಾಗ ಮತ್ತೆ ಏರುತ್ತದೆ. ಮೊದಲಿನ ಆ ಏರನ್ನು ಕಾರ್ಖಾನೆಯಲ್ಲೇ ಮುಗಿಸಿಬಿಡಲು ಎಷ್ಟೋ ಕಡೆ ವಸ್ತುವನ್ನು ಬಿಸಿಯಲ್ಲಿಟ್ಟು, ಕರೆಂಟು ಕೊಟ್ಟು, ಗಂಟೆಗಟ್ಟಲೆ ಓಡಿಸಿ ನೋಡುತ್ತಾರೆ. ಅದಕ್ಕೆ ಬರ್ನ್-ಇನ್ ಅನ್ನುತ್ತಾರೆ. ಅದು ಸಮಯ ತಿನ್ನುತ್ತದೆ, ಖರ್ಚು ಹೆಚ್ಚಿಸುತ್ತದೆ. ಅದನ್ನು ಕಡಿಮೆ ಮಾಡಿದಷ್ಟೂ ಪರೀಕ್ಷೆ ನಮ್ಮ ಮನೆಗೆ ವರ್ಗವಾಗುತ್ತದೆ. ಒಂದು ವರ್ಷದ ವಾರಂಟಿ ಇರುವುದು ಮುಖ್ಯವಾಗಿ ಈ ಗೆರೆಯ ಮೊದಲ ಏರಿಗಾಗಿ. ಅಷ್ಟರ ಮಟ್ಟಿಗೆ ಅದು ನ್ಯಾಯವೇ. ಆದರೆ ಎಲ್ಲ ಹುಟ್ಟು ದೋಷಗಳೂ ಆ ಏರಿನಲ್ಲೇ ಕಾಣಿಸಿಕೊಳ್ಳುತ್ತವೆ ಅಂತೇನಿಲ್ಲ.

ನನ್ನ ತಂಗಿಯ ಲ್ಯಾಪ್‌ಟಾಪಿನ ವಿಷಯ ಹೇಳುತ್ತೇನೆ. ಮುಚ್ಚಳ ತೆರೆಯುವಾಗ ಎಡ ಮೂಲೆಯಲ್ಲಿ ಕಟ್ ಅಂತ ಸದ್ದು ಬರಲು ಶುರುವಾಯಿತು. ಕೆಲವು ದಿನಕ್ಕೆ ಆ ಮೂಲೆಯ ಅಂಚು ಬಾಯಿ ಬಿಟ್ಟಿತು. ವಾರಂಟಿ ಇನ್ನೂ ಇತ್ತು. ಸರ್ವಿಸ್ ಸೆಂಟರಿಗೆ ತೆಗೆದುಕೊಂಡು ಹೋದೆವು. ಕೌಂಟರಿನಲ್ಲಿದ್ದ ಹುಡುಗ ಅದನ್ನು ತಿರುಗಿಸಿ ನೋಡಿ, "ಇದು ಫಿಸಿಕಲ್ ಡ್ಯಾಮೇಜ್ ಸರ್, ವಾರಂಟಿಯಲ್ಲಿ ಬರಲ್ಲ" ಅಂದ. ಕಂಪ್ಯೂಟರಿನಲ್ಲೂ ಹಾಗೇ ಟೈಪ್ ಮಾಡಲು ಹೊರಟಿದ್ದ.

"ಹಿಂದಿನ ಕವರ್ ಬಿಚ್ಚಿ ನೋಡೋಣ, ಆಮೇಲೆ ಬರೆಯಿರಿ" ಅಂದೆ.

ಲ್ಯಾಪ್‌ಟಾಪಿನ ಹಿಂಜ್ ಅಂದರೆ ಉಕ್ಕಿನ ಒಂದು ಸಣ್ಣ ಪಟ್ಟಿ. ಮುಚ್ಚಳ ನಾವು ನಿಲ್ಲಿಸಿದ ಕೋನದಲ್ಲೇ ನಿಲ್ಲಲಿ ಅಂತ ಅದನ್ನು ಬಿಗಿಯಾಗಿ ಮಾಡಿರುತ್ತಾರೆ. ಆ ಪಟ್ಟಿಯನ್ನು ಸ್ಕ್ರೂ ಹಾಕಿ ಕೂರಿಸಿರುವುದು ಪ್ಲಾಸ್ಟಿಕ್ಕಿನ ಪುಟ್ಟ ಕಂಬಗಳ ಮೇಲೆ. ಸ್ಕ್ರೂ ಹಿಡಿಯಲಿ ಅಂತ ಪ್ರತಿ ಕಂಬದೊಳಗೂ ಒಂದು ಹಿತ್ತಾಳೆ ಬುಷ್ ಇಟ್ಟಿರುತ್ತಾರೆ. ಪ್ರತಿ ಸಲ ಮುಚ್ಚಳ ತೆರೆದಾಗಲೂ ಎಳೆತ ಬೀಳುವುದು ಆ ಕಂಬಗಳ ಮೇಲೇ. ಹಿಂಜ್ ಬೇಕಾದ್ದಕ್ಕಿಂತ ಬಿಗಿಯಾಗಿದ್ದರೆ, ಇಲ್ಲವೇ ಪ್ಲಾಸ್ಟಿಕ್ ಪೆಡಸಾಗಿದ್ದರೆ, ಕಂಬ ಒಳಗೊಳಗೇ ಸೀಳುತ್ತದೆ. ಕೊನೆಗೊಂದು ದಿನ ಬುಷ್ ಪ್ಲಾಸ್ಟಿಕ್ ಚೂರಿನ ಸಮೇತ ಕಿತ್ತು ಬರುತ್ತದೆ.

ಕವರ್ ಬಿಚ್ಚಿದಾಗ ಕಂಡಿದ್ದು ಅದೇ. ಎಡಗಡೆಯ ಮೂರು ಬುಷ್‌ಗಳೂ ಎದ್ದು ಬಂದಿದ್ದವು. ಪ್ಲಾಸ್ಟಿಕ್ ಚೂರುಗಳು ಅವಕ್ಕೇ ಅಂಟಿಕೊಂಡಿದ್ದವು. ಹೊರಗಡೆ ಒಂದು ತಗ್ಗಿಲ್ಲ, ಗೀರಿಲ್ಲ, ಪರದೆ ಸೀಳಿಲ್ಲ. ಬಿದ್ದ ಲ್ಯಾಪ್‌ಟಾಪ್‌ಗೆ ಸಾಮಾನ್ಯವಾಗಿ ಎಲ್ಲಾದರೂ ಪೆಟ್ಟಿನ ಗುರುತು ಇರುತ್ತದೆ. ಇದರಲ್ಲಿ ಇರಲಿಲ್ಲ. "ನೀವು ಏನು ನಿರ್ಧಾರ ಮಾಡುತ್ತೀರೋ ಮಾಡಿ. ಆದರೆ ಕಣ್ಣಿಗೆ ಕಂಡಿದ್ದನ್ನು ಮಾತ್ರ ಜಾಬ್ ಶೀಟಿನಲ್ಲಿ ಬರೆಯಿರಿ. ಹೊರಗೆ ಪೆಟ್ಟಿನ ಗುರುತಿಲ್ಲ, ಒಳಗೆ ಹಿಂಜ್ ಕೂತ ಜಾಗ ಕಿತ್ತಿದೆ, ಅಷ್ಟೇ" ಅಂದೆ. ಹುಡುಗ ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದು ಹಾಗೇ ಬರೆದ. ಫೋಟೋ ಕೂಡ ತೆಗೆದ. ಆ ಶೀಟು, ಆ ಫೋಟೋ ಕಂಪನಿಗೆ ಹೋದ ಮೇಲೆ ದುಡ್ಡು ಕೇಳದೆ ಮುಚ್ಚಳವನ್ನೂ ಹಿಂಜನ್ನೂ ಬದಲಾಯಿಸಿಕೊಟ್ಟರು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಕೌಂಟರಿನಲ್ಲಿ ಕೂತವರ ಕೈಯಲ್ಲಿ ಅಧಿಕಾರ ಕಡಿಮೆ. ಅವರ ಪರದೆಯ ಮೇಲೆ ಆರಿಸಿಕೊಳ್ಳಲು ಕೊಟ್ಟಿರುವ ಕಾರಣಗಳೇ ನಾಲ್ಕಾರು. ಹೊರಗೆ ಬಿರುಕು ಕಂಡರೆ ಫಿಸಿಕಲ್ ಡ್ಯಾಮೇಜ್ ಅಂತ ಒತ್ತುವುದನ್ನು ಅವರಿಗೆ ಕಲಿಸಿರುತ್ತಾರೆ. ಒಮ್ಮೆ ಆ ಎರಡು ಪದ ದಾಖಲೆಗೆ ಹೋದರೆ ಮಾತ್ರ ಆಟ ತಲೆಕೆಳಗು. ಅಲ್ಲಿಂದಾಚೆಗೆ ನಾವು ಬೀಳಿಸಿಲ್ಲ ಅಂತ ನಾವೇ ತೋರಿಸಬೇಕು. ಆಗದೇ ಇದ್ದ ಸಂಗತಿಯನ್ನು ಆಗಿಲ್ಲ ಅಂತ ರುಜುವಾತು ಮಾಡುವುದು ಹೇಗೆ?

ಯುರೋಪಿಯನ್ ಒಕ್ಕೂಟದ ಕಾನೂನು ಈ ಕಷ್ಟವನ್ನು ಅರ್ಥ ಮಾಡಿಕೊಂಡ ಹಾಗೆ ಕಾಣುತ್ತದೆ. ಅಲ್ಲಿ ನಿರ್ದೇಶನ ಅಂದರೆ ಸದಸ್ಯ ದೇಶಗಳೆಲ್ಲ ತಮ್ಮ ಕಾನೂನಿಗೆ ಸೇರಿಸಿಕೊಳ್ಳಬೇಕಾದ ನಿಯಮ. 1999ರ ನಿರ್ದೇಶನವೊಂದು ಎಲ್ಲ ಸದಸ್ಯ ದೇಶಗಳಲ್ಲೂ ಹೊಸ ವಸ್ತುಗಳಿಗೆ ಕನಿಷ್ಠ ಎರಡು ವರ್ಷದ ಹೊಣೆಯನ್ನು ಮಾರಿದವರ ಮೇಲೆ ಹಾಕಿತು. ಕಂಪನಿ ಕಾರ್ಡು ಕೊಡಲಿ ಬಿಡಲಿ, ಇದು ಇದ್ದೇ ಇರುತ್ತದೆ. ಎರಡು ವರ್ಷ ಅನ್ನುವುದನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಇನ್ನೊಂದು ಅಂಶ. ಮೊದಲ ಆರು ತಿಂಗಳಲ್ಲಿ ದೋಷ ಕಂಡುಬಂದರೆ, ಅದು ಕೊಡುವಾಗಲೇ ಇತ್ತು ಅಂತ ಆ ಕಾನೂನು ಮೊದಲಿಗೇ ಒಪ್ಪಿಕೊಂಡುಬಿಡುತ್ತಿತ್ತು. ಅಲ್ಲ ಅನ್ನುವವರು ಅಲ್ಲ ಅಂತ ತೋರಿಸಬೇಕಿತ್ತು. 2019ರಲ್ಲಿ ಬಂದ ಹೊಸ ನಿರ್ದೇಶನ ಆ ಆರು ತಿಂಗಳನ್ನು ಒಂದು ವರ್ಷ ಮಾಡಿತು. ಬೇಕಿದ್ದರೆ ಎರಡು ವರ್ಷ ಮಾಡಿಕೊಳ್ಳಿ ಅಂತ ದೇಶಗಳಿಗೆ ಅವಕಾಶವನ್ನೂ ಕೊಟ್ಟಿತು. 2022ರ ಜನವರಿಯಿಂದ ಅದು ಜಾರಿಯಲ್ಲಿದೆ.

ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಲ್ಲೂ ಇಂಥದ್ದೇ ಏರ್ಪಾಡಿದೆ. ಮೊದಲ 30 ದಿನದಲ್ಲಿ ದೋಷ ಕಂಡರೆ ವಸ್ತು ವಾಪಸ್ ಕೊಟ್ಟು ಪೂರ್ತಿ ಹಣ ಕೇಳಬಹುದು. ಆಮೇಲಾದರೆ ರಿಪೇರಿಗೋ ಬದಲಿ ವಸ್ತುವಿಗೋ ಒಂದು ಅವಕಾಶ ಕೊಡಬೇಕು. ಒಂದೇ ಅವಕಾಶ. ಅದೂ ಸರಿಹೋಗದಿದ್ದರೆ ವಾಪಸ್ ಕೊಡುವ ಹಕ್ಕು ಮತ್ತೆ ಬರುತ್ತದೆ. ಅದೇ ಭಾಗವನ್ನು ಮತ್ತೆ ಮತ್ತೆ ರಿಪೇರಿ ಮಾಡಿಸುತ್ತಾ ವಾರಂಟಿ ಮುಗಿಯುವವರೆಗೂ ಅಲೆಸುವ ಅಭ್ಯಾಸವನ್ನು ತಡೆಯಲು ಇದಕ್ಕಿಂತ ನೇರವಾದ ದಾರಿ ನನಗೆ ತಿಳಿದಿಲ್ಲ.

ಇಲ್ಲಿಗೆ ಬರಲು ನೂರು ವರ್ಷ ಹಿಡಿದಿದೆ. ಆ ಕಥೆ ಗೊತ್ತಿದ್ದರೆ ಇವತ್ತಿನ ಕಾರ್ಡಿನ ಸಣ್ಣ ಅಕ್ಷರಗಳು ಬೇರೆ ಥರ ಕಾಣುತ್ತವೆ.

ಮೊದಲೆಲ್ಲ ತಯಾರಿಸಿದವರನ್ನು ಕೇಳುವ ಹಾಗೇ ಇರಲಿಲ್ಲ. ನೀವು ಕೊಂಡಿದ್ದು ಅಂಗಡಿಯಿಂದ, ನಿಮಗೂ ಕಂಪನಿಗೂ ಒಪ್ಪಂದವೇ ಆಗಿಲ್ಲ, ಹಾಗಾಗಿ ಅವರು ನಿಮಗೆ ಉತ್ತರ ಹೇಳಬೇಕಾಗಿಲ್ಲ ಅನ್ನುವುದು ಕೋರ್ಟುಗಳ ವಾದವಾಗಿತ್ತು. ಡೊನಾಲ್ಡ್ ಮ್ಯಾಕ್‌ಫರ್ಸನ್ ಎನ್ನುವವರು ಬ್ಯೂಕ್ ಕಾರು ಕೊಂಡಿದ್ದರು. ಅದರ ಒಂದು ಚಕ್ರದ ಮರದ ಕಡ್ಡಿಗಳು ಓಡುವಾಗಲೇ ಪುಡಿಯಾದವು. ಅವರು ಹೊರಗೆ ಎಸೆಯಲ್ಪಟ್ಟು ಗಾಯಗೊಂಡರು. ಚಕ್ರ ನಾವು ಮಾಡಿದ್ದಲ್ಲ, ಬೇರೆಯವರಿಂದ ತರಿಸಿದ್ದು, ಕಾರನ್ನೂ ನಾವು ಅವರಿಗೆ ಮಾರಿಲ್ಲ, ಡೀಲರಿಗೆ ಮಾರಿದ್ದು ಅಂತ ಕಂಪನಿ ವಾದಿಸಿತು. 1916ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಬೆಂಜಮಿನ್ ಕಾರ್ಡೋಜೋ ಇದನ್ನು ಒಪ್ಪಲಿಲ್ಲ. ಡೀಲರ್ ಆ ಕಾರನ್ನು ಓಡಿಸಲು ಕೊಳ್ಳುವುದಿಲ್ಲ, ಮಾರಲು ಕೊಳ್ಳುತ್ತಾನೆ ಅನ್ನುವುದು ತಯಾರಕರಿಗೆ ಗೊತ್ತೇ ಇದೆ. ಬಿಡಿಭಾಗ ಯಾರಿಂದ ತರಿಸಿದರೂ ಪರೀಕ್ಷಿಸಿ ಹೊರಗೆ ಬಿಡುವ ಜವಾಬ್ದಾರಿ ಕಾರು ಮಾಡಿದವರದ್ದು. 1932ರಲ್ಲಿ, ಆಗ ಬ್ರಿಟನ್ನಿನ ಅತಿ ಮೇಲಿನ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಕೂಡ ಮೇ ಡೊನೊಹ್ಯೂ ಅವರ ಮೊಕದ್ದಮೆಯಲ್ಲಿ ಇದೇ ದಾರಿ ಹಿಡಿಯಿತು. ಅಲ್ಲಿ ಪಾನೀಯ ಕೊಂಡವರು ಆಕೆಯ ಗೆಳತಿ, ಕುಡಿದವರು ಆಕೆ. ಬಾಟಲಿಯೊಳಗೆ ಕೊಳೆತ ಬಸವನಹುಳು ಇತ್ತು ಅನ್ನುವುದು ದೂರು. ಹಣ ಯಾರು ಕೊಟ್ಟರು ಅನ್ನುವುದಕ್ಕಿಂತ ಯಾರಿಗೆ ಹಾನಿಯಾಯಿತು ಅನ್ನುವುದು ಮುಖ್ಯವಾಯಿತು.

ನನಗೆ ಎಲ್ಲಕ್ಕಿಂತ ಹತ್ತಿರದ್ದು ಹೆನಿಂಗ್ಸನ್ ದಂಪತಿಯ ಮೊಕದ್ದಮೆ. 1955ರ ಮೇ ತಿಂಗಳು. ಅಮೆರಿಕದ ನ್ಯೂಜೆರ್ಸಿಯಲ್ಲಿ ಕ್ಲಾಸ್ ಹೆನಿಂಗ್ಸನ್ ಹೆಂಡತಿ ಹೆಲೆನ್‌ಗಾಗಿ ಹೊಸ ಪ್ಲಿಮತ್ ಕಾರು ಕೊಂಡರು. ಕಾರು ಮನೆಗೆ ಬಂದು ಹತ್ತು ದಿನ. ಹೆಲೆನ್ ಓಡಿಸುತ್ತಿದ್ದಾಗ ಕೆಳಗಿನಿಂದ ಏನೋ ಮುರಿದಂಥ ಸದ್ದು ಬಂತು. ಕೈಯಲ್ಲಿ ಸ್ಟೀರಿಂಗ್ ತಾನೇ ತಿರುಗಿತು, ಕಾರು ಗೋಡೆಗೆ ಬಡಿಯಿತು. ಮುಂಭಾಗ ಎಷ್ಟು ನುಜ್ಜುಗುಜ್ಜಾಗಿತ್ತು ಅಂದರೆ, ಯಾವ ಭಾಗ ಮೊದಲೇ ಕೆಟ್ಟಿತ್ತು ಅಂತ ಹೇಳಲು ಸಾಧ್ಯವೇ ಇರಲಿಲ್ಲ. ಸಾಕ್ಷಿಯನ್ನು ಅಪಘಾತವೇ ಅಳಿಸಿಹಾಕಿತ್ತು.

ಕಂಪನಿ ತೋರಿಸಿದ್ದು ಆರ್ಡರ್ ಫಾರಂನ ಹಿಂಬದಿಯನ್ನು. ಸಣ್ಣ ಅಕ್ಷರಗಳಲ್ಲಿ ವಾರಂಟಿ ಇತ್ತು. 90 ದಿನ ಅಥವಾ 4,000 ಮೈಲಿಯೊಳಗೆ ದೋಷ ಕಂಡ ಬಿಡಿಭಾಗವನ್ನು ಬದಲಾಯಿಸಿಕೊಡುತ್ತೇವೆ. ಅಷ್ಟೇ. ಗಾಯಕ್ಕೆ, ಆಸ್ಪತ್ರೆಗೆ, ಬೇರೆ ಯಾವುದಕ್ಕೂ ನಾವು ಹೊಣೆಯಲ್ಲ. ಬೇರೆ ಕಾರು ಕೊಳ್ಳಬಹುದಿತ್ತು ಅನ್ನುವ ಹಾಗೂ ಇರಲಿಲ್ಲ. ದೊಡ್ಡ ಕಾರು ಕಂಪನಿಗಳೆಲ್ಲ ಸೇರಿ ಒಂದೇ ನಮೂನೆಯ ವಾರಂಟಿ ಬಳಸುತ್ತಿದ್ದವು. ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ 1960ರಲ್ಲಿ ಆ ಸಣ್ಣ ಅಕ್ಷರಗಳನ್ನು ಪಕ್ಕಕ್ಕಿಟ್ಟಿತು. ಚೌಕಾಸಿಗೆ ಜಾಗವೇ ಇಲ್ಲದ ಒಪ್ಪಂದದಲ್ಲಿ ಗ್ರಾಹಕರ ಸಹಿ ತೆಗೆದುಕೊಂಡ ಮಾತ್ರಕ್ಕೆ ತಯಾರಕರು ಕೈತೊಳೆದುಕೊಳ್ಳುವ ಹಾಗಿಲ್ಲ ಅಂದಿತು. ಹತ್ತು ದಿನದ ಕಾರಿನ ಸ್ಟೀರಿಂಗ್ ತಾನೇ ತಿರುಗಿತು ಅನ್ನುವ ಸಂಗತಿಯಿಂದಲೇ ದೋಷವನ್ನು ಊಹಿಸಲು ಜ್ಯೂರಿಗೆ ಅವಕಾಶ ಇದೆ ಅಂತಲೂ ಒಪ್ಪಿತು. ಮುರಿದ ಭಾಗವನ್ನು ಎತ್ತಿ ತೋರಿಸಿ ಅಂತ ಹೆಲೆನ್ ಅವರನ್ನು ಕೇಳಲಿಲ್ಲ.

ಮೂರು ವರ್ಷದ ನಂತರ, 1963ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮರಗೆಲಸದ ಮೆಷಿನ್ನಿನಿಂದ ಹಾರಿದ ಮರದ ತುಂಡು ಹಣೆಗೆ ಬಡಿದು ಗ್ರೀನ್‌ಮನ್ ಅನ್ನುವವರು ಗಾಯಗೊಂಡಿದ್ದರು. ಆ ಮೆಷಿನ್ ಹೆಂಡತಿ ಕೊಟ್ಟ ಉಡುಗೊರೆ. ವಾರಂಟಿ ಮುರಿದ ಬಗ್ಗೆ ಸಮಯಕ್ಕೆ ಸರಿಯಾಗಿ ನೋಟಿಸ್ ಕೊಟ್ಟಿಲ್ಲ ಅನ್ನುವುದು ತಯಾರಕರ ತಕರಾರು. ನ್ಯಾಯಾಧೀಶ ರೋಜರ್ ಟ್ರೇನರ್ ಬರೆದ ತೀರ್ಪು ವಾರಂಟಿಯ ಲೆಕ್ಕಾಚಾರವನ್ನೇ ದಾಟಿಹೋಯಿತು. ದೋಷ ಇರುವ ವಸ್ತುವನ್ನು ಮಾರುಕಟ್ಟೆಗೆ ಬಿಟ್ಟು ಅದರಿಂದ ಯಾರಿಗಾದರೂ ಗಾಯವಾದರೆ ತಯಾರಕರು ಹೊಣೆ. ಕಾಗದದಲ್ಲಿ ಏನೇ ಬರೆದಿರಲಿ, ಅವರು ಎಷ್ಟೇ ಜಾಗ್ರತೆ ವಹಿಸಿರಲಿ. ಯುರೋಪ್ 1985ರಲ್ಲಿ ಇದೇ ತತ್ವವನ್ನು ನಿರ್ದೇಶನವಾಗಿ ತಂದಿತು. ಭಾರತದ 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಜಾಗಕ್ಕೆ ಬಂದ 2019ರ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆಗೆಂದೇ ಒಂದು ಅಧ್ಯಾಯ ಇದೆ. ಪರೀಕ್ಷೆ ಇಲ್ಲದೆ ದೋಷ ತಿಳಿಯದು ಅನ್ನಿಸಿದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರವೂ ಅಲ್ಲಿನ ಗ್ರಾಹಕ ಆಯೋಗಕ್ಕೆ ಇದೆ. ಒಳಗೇನಾಗಿದೆ ಅಂತ ನೋಡುವ ಸಾಧನ ಒಬ್ಬ ಗ್ರಾಹಕರ ಬಳಿ ಇರುವುದಿಲ್ಲವಲ್ಲ.

ಒಳಗೇನಾಗಿದೆ ಅನ್ನುವುದು ಎಷ್ಟು ಸಣ್ಣ ವಿಷಯ ಆಗಿರಬಹುದು ಅನ್ನುವುದಕ್ಕೆ 2016ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಫೋನು ಒಳ್ಳೆಯ ಉದಾಹರಣೆ. ಆಗಸ್ಟಿನಲ್ಲಿ ಮಾರಾಟ ಶುರು, ಸೆಪ್ಟೆಂಬರಿನಲ್ಲಿ ವಾಪಸ್ ಕರೆಯುವ ಘೋಷಣೆ. ಕೆಲವು ಫೋನುಗಳು ಇದ್ದಕ್ಕಿದ್ದಂತೆ ಹೊತ್ತಿಕೊಳ್ಳುತ್ತಿದ್ದವು. ಬೇರೆ ತಯಾರಕರ ಬ್ಯಾಟರಿ ಹಾಕಿ ಬದಲಿ ಫೋನು ಕೊಟ್ಟರು. ಅವುಗಳಲ್ಲೂ ಕೆಲವು ಹೊತ್ತಿಕೊಂಡವು. ಅಕ್ಟೋಬರಿನಲ್ಲಿ ತಯಾರಿಕೆಯನ್ನೇ ನಿಲ್ಲಿಸಿದರು. 2017ರ ಜನವರಿಯಲ್ಲಿ ಸ್ಯಾಮ್‌ಸಂಗ್ ತನಿಖೆಯ ಫಲಿತಾಂಶ ಹೇಳಿತು. ಮೊದಲ ಬ್ಯಾಟರಿಯಲ್ಲಿ ಹೊರ ಕವಚ ಇಕ್ಕಟ್ಟಾಗಿ, ಮೇಲಿನ ಮೂಲೆಯಲ್ಲಿ ಒಳಗಿನ ಹಾಳೆ ಮಡಚಿಕೊಂಡಿತ್ತು. ಎರಡನೆಯದರಲ್ಲಿ ಬೆಸುಗೆ ಹಾಕಿದ ಕಡೆ ಲೋಹದ ಚೂಪು ಮುಳ್ಳುಗಳು ಉಳಿದಿದ್ದವು. ಅವು ಪಕ್ಕದ ಪದರವನ್ನು ಚುಚ್ಚಿದವು. ಕೆಲವದರಲ್ಲಿ ಹಾಕಬೇಕಾಗಿದ್ದ ಇನ್ಸುಲೇಷನ್ ಟೇಪೇ ಇರಲಿಲ್ಲ. ಎಕ್ಸ್-ರೇ ತೆಗೆಯದೆ, ಬ್ಯಾಟರಿ ಬಿಚ್ಚದೆ ಇವು ಕಾಣುವಂಥವಲ್ಲ. ಕಂಪನಿ ಲಕ್ಷಾಂತರ ಫೋನು ವಾಪಸ್ ತರಿಸಿಕೊಂಡು, ಪ್ರಯೋಗಾಲಯದಲ್ಲಿ ಸಾಲಾಗಿ ಚಾರ್ಜ್ ಮಾಡಿ ನೋಡಿ ತಿಳಿದುಕೊಂಡ ವಿಷಯ ಇದು. ಸುಟ್ಟ ಫೋನು ಕೈಯಲ್ಲಿ ಹಿಡಿದ ಒಬ್ಬರೇ ಒಬ್ಬರು ಅದನ್ನು ಹೇಗೆ ತೋರಿಸಿಕೊಡಬೇಕಿತ್ತು?

ಆ ಫೋನುಗಳು ಬೇಗ ಕೆಟ್ಟವು, ಹಾಗಾಗಿ ಬೇಗ ಗೊತ್ತಾಯಿತು. ತಕಾಟಾ ಕಂಪನಿಯ ಏರ್‌ಬ್ಯಾಗುಗಳದ್ದು ಹಾಗಲ್ಲ. ಅವನ್ನು ಉಬ್ಬಿಸಲು ಬಳಸಿದ್ದು ಅಮೋನಿಯಂ ನೈಟ್ರೇಟ್. ತೇವ ಹೀರುವ ಪುಡಿ ಜೊತೆಗಿಲ್ಲದಿದ್ದರೆ, ಸೆಕೆ ಮತ್ತು ತೇವ ಇರುವ ಹವೆಯಲ್ಲಿ ಅದು ವರ್ಷಗಳ ಮೇಲೆ ಹಾಳಾಗುತ್ತಾ ಹೋಗುತ್ತದೆ. ಆಮೇಲೆ ಅಪಘಾತವಾದಾಗ ಬೇಕಾದ್ದಕ್ಕಿಂತ ವೇಗವಾಗಿ ಉರಿಯುತ್ತದೆ. ಲೋಹದ ಡಬ್ಬಿ ಸಿಡಿದು ಚೂರುಗಳು ಕೂತವರ ಮುಖಕ್ಕೆ, ಕುತ್ತಿಗೆಗೆ ಹಾರುತ್ತವೆ. ಜೀವ ಉಳಿಸಬೇಕಾಗಿದ್ದ ವಸ್ತುವೇ ಜೀವ ತೆಗೆಯಿತು. ಅಮೆರಿಕ ಒಂದರಲ್ಲೇ ಸುಮಾರು 6 ಕೋಟಿ 70 ಲಕ್ಷ ಏರ್‌ಬ್ಯಾಗುಗಳನ್ನು ವಾಪಸ್ ಕರೆದರು. 2017ರಲ್ಲಿ ಕಂಪನಿ ದಿವಾಳಿಯಾಯಿತು. ಸಿಡಿದವುಗಳಲ್ಲಿ ಎಷ್ಟೋ ಕಾರುಗಳ ವಾರಂಟಿ ಯಾವತ್ತೋ ಮುಗಿದಿತ್ತು, ಎಷ್ಟೋ ಕಾರುಗಳು ಕೈ ಬದಲಾಯಿಸಿದ್ದವು. ದೋಷ ಮಾತ್ರ ಮೊದಲ ದಿನದಿಂದಲೂ ಒಳಗೇ ಇತ್ತು.

ಪ್ರಾಣಾಪಾಯ ಇಲ್ಲದ, ಆದರೆ ಎಷ್ಟೋ ಮನೆ-ಆಫೀಸುಗಳಲ್ಲಿ ಕಂಪ್ಯೂಟರ್ ನಿಲ್ಲಿಸಿದ ದೋಷವೂ ಒಂದಿತ್ತು. 2000ದ ಆಸುಪಾಸಿನ ವರ್ಷಗಳಲ್ಲಿ ತಯಾರಾದ ಎಷ್ಟೋ ಮದರ್‌ಬೋರ್ಡುಗಳ ಕೆಪಾಸಿಟರುಗಳಲ್ಲಿ (ವಿದ್ಯುತ್ತನ್ನು ಹಿಡಿದಿಟ್ಟು ಕೊಡುವ ಪುಟ್ಟ ಬಿಡಿಭಾಗಗಳು) ಒಳಗಿನ ದ್ರಾವಣ ಸರಿಯಿರಲಿಲ್ಲ. ಅದು ಅಲ್ಯೂಮಿನಿಯಂ ಜೊತೆ ಸೇರಿ ಅನಿಲ ಹುಟ್ಟುತ್ತಿತ್ತು. ತಲೆ ಮಟ್ಟಸವಾಗಿರಬೇಕಾದ ಕೆಪಾಸಿಟರ್ ಉಬ್ಬಿ, ಮೇಲಿನ ಗೆರೆಗಳ ಬಳಿ ಒಡೆದು ಕಂದು ಬಣ್ಣದ ಅಂಟು ಒಸರುತ್ತಿತ್ತು. ಡಬ್ಬಿ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರೆ ಯಾರಿಗಾದರೂ ಕಾಣುವಂಥದ್ದು. ಆದರೆ ಬಿಚ್ಚಿದರೆ ವಾರಂಟಿ ಹೋಗುತ್ತದೆ ಅನ್ನುವ ಸ್ಟಿಕರ್ ಮೇಲೆ ಅಂಟಿಸಿರುತ್ತಾರೆ.

ಆ ಸ್ಟಿಕರಿಗೆ ಹೆದರಿ ಎಷ್ಟು ಜನ ಸುಮ್ನೆ ಉಳಿದಿದ್ದಾರೋ. ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆ ಇದೆ. ನಮ್ಮದೇ ಬಿಡಿಭಾಗ ಹಾಕಿದರೆ, ನಮ್ಮಲ್ಲೇ ರಿಪೇರಿ ಮಾಡಿಸಿದರೆ ಮಾತ್ರ ವಾರಂಟಿ ಅಂತ ಷರತ್ತು ಹಾಕುವುದನ್ನು ಅದು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆ ಭಾಗವನ್ನೋ ರಿಪೇರಿಯನ್ನೋ ಬಿಟ್ಟಿಯಾಗಿ ಕೊಟ್ಟರೆ ಮಾತು ಬೇರೆ. 2018ರ ಏಪ್ರಿಲ್‌ನಲ್ಲಿ ಅಲ್ಲಿ ವ್ಯಾಪಾರದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಇಂಥ ಷರತ್ತು ಹಾಕಿದ್ದ ಆರು ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸಿತು. ಕಾಯ್ದೆ ಬಂದು ನಲವತ್ತು ವರ್ಷ ಕಳೆದ ಮೇಲೂ ಸ್ಟಿಕರು ಹೋಗಿರಲಿಲ್ಲ. ಸ್ಟಿಕರಿನಲ್ಲಿ ಬರೆದಿದ್ದೆಲ್ಲ ಕಾನೂನಲ್ಲ ಅನ್ನುವುದು ಇದರಿಂದ ತಿಳಿಯುತ್ತದೆ.

ವಾರಂಟಿಯನ್ನು ಪ್ರಾಮಾಣಿಕವಾಗಿ ಬಳಸಿದವರೂ ಇದ್ದಾರೆ, ಅದನ್ನೂ ಹೇಳಬೇಕು. 1970ರಲ್ಲಿ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಒಂದು ಲೇಖನ ಬರೆದರು. ಮಾರುವವರಿಗೆ ವಸ್ತುವಿನ ಗುಣ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ ಅಂದಾಗ ಮಾರುಕಟ್ಟೆಯಲ್ಲಿ ಒಳ್ಳೆಯ ವಸ್ತುವೇ ಸೋಲಬಹುದು ಅನ್ನುವುದು ಅದರ ಸಾರ. ಮುಂದೆ 2001ರಲ್ಲಿ ಅವರಿಗೆ ನೊಬೆಲ್ ಬಂತು. ಈ ಕೊರತೆ ತುಂಬುವ ದಾರಿಗಳಲ್ಲಿ ಗ್ಯಾರಂಟಿಯೂ ಒಂದು ಅಂತ ಅವರು ಬರೆದಿದ್ದಾರೆ. ತನ್ನ ವಸ್ತುವಿನ ಮೇಲೆ ನಂಬಿಕೆ ಇರುವವರು ಮಾತ್ರ ದೀರ್ಘ ಕಾಲದ ಮಾತು ಕೊಡಬಲ್ಲರು. 1998ರಲ್ಲಿ ಹ್ಯುಂಡೈ ಅಮೆರಿಕದಲ್ಲಿ ಎಂಜಿನ್ನು, ಗೇರ್‌ಬಾಕ್ಸುಗಳಿಗೆ 10 ವರ್ಷ ಅಥವಾ 1 ಲಕ್ಷ ಮೈಲಿಯ ವಾರಂಟಿ ಘೋಷಿಸಿತು. ಆಗ ಅಲ್ಲಿ ಅದರ ಕಾರುಗಳಿಗೆ ಹೆಸರು ಚೆನ್ನಾಗಿರಲಿಲ್ಲ. ಅಂಥ ಮಾತು ಕೊಟ್ಟ ಮೇಲೆ ಗುಣಮಟ್ಟ ಸುಧಾರಿಸದೆ ಬೇರೆ ದಾರಿಯೂ ಇರುವುದಿಲ್ಲ. 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ 360 ಗೇಮ್ ಮೆಷಿನ್ನು ಕೆಂಪು ದೀಪ ಹೊತ್ತಿಸಿ ನಿಂತುಹೋಗುವ ದೋಷಕ್ಕೆ ವಾರಂಟಿಯನ್ನು 3 ವರ್ಷಕ್ಕೆ ಏರಿಸಿತು. ಅದಕ್ಕೆ ಮೊದಲೇ ದುಡ್ಡು ಕೊಟ್ಟು ರಿಪೇರಿ ಮಾಡಿಸಿದವರಿಗೂ ಹಣ ವಾಪಸ್ ಕೊಟ್ಟಿತು. ಅದಕ್ಕಾಗಿ 100 ಕೋಟಿ ಡಾಲರಿಗೂ ಜಾಸ್ತಿ ತೆಗೆದಿಟ್ಟಿತು. ವಾರಂಟಿ ಮುಗಿದ ಮೇಲೆ ಕಂಡರೂ ದೋಷ ನಮ್ಮದೇ ಅಂತ ಒಪ್ಪಿಕೊಂಡ ಹಾಗಾಯಿತು.

ಇದರ ಎದುರಿಗೆ ಎಕ್ಸ್‌ಟೆಂಡೆಡ್ ವಾರಂಟಿ ಇಟ್ಟು ನೋಡಿ. ಅದಕ್ಕೆ ನಾವೇ ಹಣ ಕೊಡಬೇಕು. ಅದು ಒಂದು ಥರದ ವಿಮೆ, ಎಷ್ಟೋ ಸಲ ಕೊಡುವವರು ತಯಾರಕರೂ ಅಲ್ಲ, ಬೇರೆಯವರು. ಕೆಲವು ದೇಶಗಳಲ್ಲಿ ಕಾನೂನು ಆಗಲೇ ಕೊಟ್ಟಿರುವ ಹಕ್ಕನ್ನೇ ಮತ್ತೆ ಮಾರುವ ಹಾಗಿರುತ್ತದೆ. ಕೊಳ್ಳುವ ಮುಂಚೆ ಕೌಂಟರಿನಲ್ಲಿ ಒಂದೇ ಪ್ರಶ್ನೆ ಕೇಳಿ: ಇದಿಲ್ಲದೆಯೂ ನನಗೆ ಸಿಗುವುದು ಏನು?

ಹಕ್ಕು ಕಾಗದದಲ್ಲಿದ್ದರೆ ಸಾಲದು, ನಮ್ಮ ಕೈಯಲ್ಲೂ ಕಾಗದ ಇರಬೇಕು. ಬಿಲ್ಲಿನಿಂದಲೇ ಶುರು ಮಾಡಿ. ಅಂಗಡಿಯ ಮೆಷಿನ್ನಿನಿಂದ ಬರುವ ನುಣುಪು ಬಿಲ್ಲಿನಲ್ಲಿ ಶಾಯಿ ಇರುವುದಿಲ್ಲ. ಬಿಸಿ ತಾಗಿದರೆ ಕಪ್ಪಾಗುವ ಲೇಪನ ಅದು. ಬಿಸಿಲು, ಪರ್ಸಿನ ಶಾಖ, ಪ್ಲಾಸ್ಟಿಕ್ ಕವರು ಸಾಕು, ವಾರಂಟಿ ಮುಗಿಯುವ ಮೊದಲೇ ಅಕ್ಷರ ಮಾಸಿಹೋಗುತ್ತದೆ. ಕೊಂಡ ದಿನವೇ ಫೋಟೋ ತೆಗೆದಿಡಿ, ಸೀರಿಯಲ್ ನಂಬರಿನ ಜೊತೆಗೆ.

ತೊಂದರೆ ಒಮ್ಮೆ ಬಂದು ಒಮ್ಮೆ ಹೋಗುವಂಥದ್ದಾದರೆ, ಬಂದಾಗಲೇ ವಿಡಿಯೋ ಮಾಡಿ. ಸರ್ವಿಸ್ ಸೆಂಟರಿನಲ್ಲಿ ಅದು ಸರಿಯಾಗೇ ಓಡುತ್ತದೆ, ಯಾವಾಗಲೂ. ಫೋನಿನಲ್ಲಿ ಮಾತಾಡಿದರೂ ಅದೇ ವಿಷಯವನ್ನು ಈಮೇಲಿನಲ್ಲೂ ಕಳಿಸಿ. ಮುಂದೆ ತಕರಾರು ಎದ್ದಾಗ, ಅವಧಿಯೊಳಗೇ ದೂರು ಕೊಟ್ಟಿದ್ದೆ ಅನ್ನುವುದಕ್ಕೆ ತಾರೀಖಿರುವ ಆ ಸಾಲುಗಳೇ ಸಾಕ್ಷಿ. ಜಾಬ್ ಶೀಟಿಗೆ ಸಹಿ ಹಾಕುವ ಮೊದಲು ಓದಿ. ಅವರ ತೀರ್ಮಾನ ಬರೆದಿದ್ದರೆ, ನೀವು ಕಂಡ ಲಕ್ಷಣವನ್ನೂ ಬರೆಯಲು ಹೇಳಿ. ರಿಪೇರಿಯಾಗಿ ಬಂದ ಮೇಲೆ ಯಾವ ಭಾಗ ಬದಲಾಯಿಸಿದರು ಅನ್ನುವ ಕಾಗದ ಕೇಳಿ ತೆಗೆದುಕೊಳ್ಳಿ. ಒಂದೇ ಭಾಗ ಎರಡನೇ ಸಲ ಕೆಟ್ಟರೆ ಆ ಎರಡು ಕಾಗದಗಳು ನಿಮಗಿಂತ ಚೆನ್ನಾಗಿ ಮಾತಾಡುತ್ತವೆ. ಕೇಳುವಾಗಲೂ 'ಏನಾದರೂ ಮಾಡಿಕೊಡಿ' ಅನ್ನಬೇಡಿ. ರಿಪೇರಿಯೋ, ಬದಲಿ ವಸ್ತುವೋ, ಹಣವೋ, ಯಾವುದು ಬೇಕು, ಯಾವ ದಿನದೊಳಗೆ ಬೇಕು ಅಂತ ಬರೆಯಿರಿ.

ಇಷ್ಟೆಲ್ಲ ಮಾಡಿದರೂ ನಾವು ಒಬ್ಬೊಬ್ಬರೇ. ಇದೇ ಬ್ಯಾಚಿನಲ್ಲಿ ಇದೇ ಭಾಗ ಇನ್ನೆಷ್ಟು ಜನರಿಗೆ ಕೆಟ್ಟಿದೆ ಅನ್ನುವ ಲೆಕ್ಕ ಕಂಪನಿಯ ಬಳಿ ಇದೆ, ನಮ್ಮ ಬಳಿ ಇಲ್ಲ. ಪ್ರತಿ ಕ್ಲೇಮೂ, ಪ್ರತಿ ಬಿಡಿಭಾಗವೂ, ಪ್ರತಿ ಸೀರಿಯಲ್ ನಂಬರೂ ಅವರ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ದೋಷ ಹುಟ್ಟಿದ ದಿನವನ್ನು ಕಂಡುಹಿಡಿಯಬಲ್ಲ ದಾಖಲೆ ಅದೊಂದೇ. 2024ರಲ್ಲಿ ಬಂದ ಯುರೋಪಿನ ಹೊಸ ಹೊಣೆಗಾರಿಕೆ ನಿರ್ದೇಶನ ಸಾಫ್ಟ್‌ವೇರನ್ನೂ ಉತ್ಪನ್ನವೆಂದೇ ನೋಡುತ್ತದೆ. ಕೋರ್ಟು ಕೇಳಿದ ದಾಖಲೆಯನ್ನು ಕಂಪನಿ ಕೊಡದಿದ್ದರೆ ದೋಷ ಇತ್ತು ಅಂತಲೇ ಭಾವಿಸಬೇಕು ಅನ್ನುತ್ತದೆ. ಇದು ನನಗೆ ಬಹಳ ಸಮಾಧಾನ ಕೊಟ್ಟ ಮಾತು. ಆದರೆ ಅದು ಕೋರ್ಟಿನವರೆಗೆ ಹೋದವರಿಗೆ. ಅಮೆರಿಕದಲ್ಲಿ ಫೈರ್‌ಸ್ಟೋನ್ ಟೈರುಗಳು ಓಡುವಾಗಲೇ ಸಿಪ್ಪೆ ಬಿಟ್ಟು ಜನ ಸತ್ತ ಮೇಲೆ, 2000ದಲ್ಲಿ ಟ್ರೆಡ್ ಕಾಯ್ದೆ ತಂದರು. ಕಾರು, ಟೈರು ಕಂಪನಿಗಳು ತಮಗೆ ಬಂದ ವಾರಂಟಿ ಕ್ಲೇಮುಗಳ, ದೂರುಗಳ ಲೆಕ್ಕವನ್ನು ಸರ್ಕಾರದ ಸುರಕ್ಷತಾ ಸಂಸ್ಥೆಗೆ ಕಾಲಕಾಲಕ್ಕೆ ಒಪ್ಪಿಸಬೇಕು. ಎಲ್ಲಿ ಅಂಕಿ ಏರುತ್ತಿದೆ ಅಂತ ನೋಡುವುದು ಸಂಸ್ಥೆಯ ಕೆಲಸ. ಫ್ರಿಜ್ಜು, ವಾಷಿಂಗ್ ಮೆಷಿನ್, ಫೋನು ಮಾಡುವವರಿಂದಲೂ ಎಲ್ಲ ದೇಶಗಳೂ ಇದೇ ಲೆಕ್ಕ ಕೇಳಲಿ, ಮಾಡೆಲ್ ಮತ್ತು ಬ್ಯಾಚಿನ ಪ್ರಕಾರ ಅದನ್ನು ಎಲ್ಲರೂ ನೋಡುವ ಹಾಗೆ ಪ್ರಕಟಿಸಲಿ ಅನ್ನುವುದು ನನ್ನ ಬೇಡಿಕೆ. ಅದರಲ್ಲಿ ಯಾರ ಹೆಸರೂ ಬೇಕಿಲ್ಲ, ಕಂಪನಿಯ ಯಾವ ಗುಟ್ಟೂ ಬೇಕಿಲ್ಲ. ಯಾವ ಭಾಗ, ಯಾವ ತಿಂಗಳು ತಯಾರಾದದ್ದು, ಎಷ್ಟು ಕೆಟ್ಟಿವೆ ಅನ್ನುವ ಮೂರು ಕಾಲಂ ಸಾಕು.